ನಿರ್ದೇಶಾಂಕವನ್ನು ಎಷ್ಟು ನಂಬಬೇಕು? ನಕ್ಷೆಯ ಉದ್ಯೋಗಕ್ಕೆ ಜಿಯೋಕ್ಯಾಶಿಂಗ್ ಹವ್ಯಾಸದ ಜೊತೆ

ಪಹಣಿಯಲ್ಲಿ ಬರುವ ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ. ಮೀಟರಿನಲ್ಲಿ ಸುಮಾರು 10ಕ್ಕೆ 10. ಬಯಲಲ್ಲಿ, ತಲೆಯ ಮೇಲೆ ಪೂರ್ತಿ ಆಕಾಶ ಕಾಣುವಾಗಲೂ ಸಾಧಾರಣ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ. ಅಂದರೆ ಗುಂಟೆಯ ನಟ್ಟನಡುವೆ ನಿಂತವರನ್ನು ಫೋನು ಅದರ ಬದುವಿಗೆ ಒಯ್ದು ನಿಲ್ಲಿಸಬಲ್ಲದು. ಹೀಗಿದ್ದೂ ಪರದೆಯ ಮೇಲೆ ದಶಮಾಂಶ ಚುಕ್ಕಿಯ ನಂತರ 6–7 ಅಂಕಿ ಮೂಡುತ್ತವೆ. ಡಿಗ್ರಿಯ 6ನೇ ದಶಮಾಂಶ ಸ್ಥಾನಕ್ಕೆ ನೆಲದ ಮೇಲೆ ಬೆಲೆ ಕೇವಲ 11 ಸೆಂಟಿಮೀಟರ್. ಕಾಣಿಸುವ ಅಂಕಿಗೂ ನಂಬಬಹುದಾದ ಅಂಕಿಗೂ ನಡುವಿನ ಈ ದೂರವನ್ನು ಸದಾ ನೆನಪಿಟ್ಟುಕೊಂಡಿರುವುದೇ ನಕ್ಷೆಯ ಕೆಲಸದ ಮುಖ್ಯ ಪಾಠ. ತರಗತಿಯಲ್ಲಿ ಅದನ್ನು ಸೂತ್ರವಾಗಿ ಕಲಿಸುತ್ತಾರೆ. ಜಿಯೋಕ್ಯಾಶಿಂಗ್ ಎಂದರೆ ಒಬ್ಬರು ಅಡಗಿಸಿಟ್ಟ ಡಬ್ಬಿಯನ್ನು ಅದರ ನಿರ್ದೇಶಾಂಕ (ಅಕ್ಷಾಂಶ, ರೇಖಾಂಶದ ಅಂಕಿ) ಹಿಡಿದು ಇನ್ನೊಬ್ಬರು ಹುಡುಕುವ ಆಟ. ಅದು ಈ ಪಾಠವನ್ನು ಕಾಲ್ನಡಿಗೆಯಲ್ಲಿ ಕಲಿಸುತ್ತದೆ, ಏಕೆಂದರೆ ಇಲ್ಲಿ ನೀವು ಕೊಟ್ಟ ನಿರ್ದೇಶಾಂಕವನ್ನು ನಿಮ್ಮ ಪರಿಚಯವೇ ಇಲ್ಲದವರು ನಡೆದು ಬಂದು ಪರೀಕ್ಷೆ ಮಾಡುತ್ತಾರೆ.

ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದು), ಸರ್ವೆ, ರಿಮೋಟ್ ಸೆನ್ಸಿಂಗ್ (ಉಪಗ್ರಹ ಚಿತ್ರ ಓದುವುದು) ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರು ಈ ಹವ್ಯಾಸವನ್ನು ಉದ್ಯೋಗದ ಜೊತೆ ಹೇಗೆ ಹೊಂದಿಸಿಕೊಳ್ಳಬಹುದು, ಎಲ್ಲಿ ಎಡವಬಹುದು ಎಂಬುದು ಈ ಬರಹದ ವಿಷಯ.

ಆಟದ ಕಟ್ಟಳೆ

2000ದ ಮೇ ತಿಂಗಳ ಆರಂಭದವರೆಗೆ ಅಮೆರಿಕ ಸರ್ಕಾರ ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸುತ್ತಿತ್ತು. ಕೈಯಲ್ಲಿನ ರಿಸೀವರು 100 ಮೀಟರ್‌ವರೆಗೂ ದಾರಿ ತಪ್ಪಿಸುತ್ತಿತ್ತು. ಅಧ್ಯಕ್ಷ ಬಿಲ್ ಕ್ಲಿಂಟನ್ ಆದೇಶದಂತೆ ಅದು ನಿಂತ ಮರುದಿನವೇ, ಮೇ 3ರಂದು, ಡೇವ್ ಅಲ್ಮರ್ ಎಂಬುವರು ಓರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಬಕೆಟ್ ಇಟ್ಟು ಅದರ ನಿರ್ದೇಶಾಂಕವನ್ನು ಅಂತರ್ಜಾಲದ ಗುಂಪೊಂದರಲ್ಲಿ ಹಾಕಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜಿಯೋಕ್ಯಾಶಿಂಗ್ ಡಾಟ್ ಕಾಮ್ ಶುರುವಾಯಿತು.

ಡಬ್ಬಿಯೊಳಗೆ ಹೆಸರು ಬರೆಯಲು ಒಂದು ಕಾಗದದ ಸುರುಳಿ ಅಥವಾ ಚಿಕ್ಕ ಪುಸ್ತಕ ಇರುತ್ತದೆ. ಹುಡುಕಿದವರು ಅದರಲ್ಲಿ ಹೆಸರು, ತಾರೀಕು ಬರೆದು ಡಬ್ಬಿಯನ್ನು ಇದ್ದಂತೆಯೇ ಇಟ್ಟು ಬರುತ್ತಾರೆ. ಆಮೇಲೆ ಸಿಕ್ಕಿತೋ ಇಲ್ಲವೋ ಎಂದು ತಾಣದಲ್ಲಿ ಲಾಗ್ ಬರೆಯುತ್ತಾರೆ. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಅಂತರ ಬೇಕು. ಮೈಲಿಯ ಹತ್ತನೇ ಒಂದು ಭಾಗ ಅದು. ನೆಲ ಅಗೆದು ಹೂಳುವಂತಿಲ್ಲ. ಜಾಗದ ಒಡೆಯರ ಅನುಮತಿ ಬೇಕು. ಹುಡುಕುವ ಕಷ್ಟಕ್ಕೆ ಒಂದು ಅಂಕ, ನೆಲದ ಕಷ್ಟಕ್ಕೆ ಒಂದು ಅಂಕ, ಎರಡೂ 1ರಿಂದ 5ರವರೆಗೆ ಅರ್ಧರ್ಧ ಅಂಕದ ಏರಿಕೆಯಲ್ಲಿ. ನೆಲಕ್ಕೆ 1 ಎಂದರೆ ಗಾಲಿಕುರ್ಚಿಯಲ್ಲಿ ಹೋಗಬಹುದು, 5 ಎಂದರೆ ಹಗ್ಗ, ದೋಣಿಯಂಥ ವಿಶೇಷ ಸಲಕರಣೆ ಬೇಕು. ಡಬ್ಬಿಯ ಗಾತ್ರದಲ್ಲಿ 100 ಮಿಲಿಲೀಟರಿಗಿಂತ ಚಿಕ್ಕದು ಮೈಕ್ರೋ, 1 ಲೀಟರಿನವರೆಗೆ ಸ್ಮಾಲ್, 20 ಲೀಟರಿನವರೆಗೆ ರೆಗ್ಯುಲರ್. ಸ್ವಯಂಸೇವಕ ಪರಿಶೀಲಕರೊಬ್ಬರು ನೋಡಿ ಒಪ್ಪಿದ ಮೇಲೆಯೇ ಡಬ್ಬಿ ನಕ್ಷೆಯಲ್ಲಿ ಕಾಣುತ್ತದೆ.

ನಮ್ಮ ಎರಡೂ ಜಿಲ್ಲೆಗಳಲ್ಲಿ ಮಹಾನಗರಗಳಲ್ಲಿರುವಷ್ಟು ಡಬ್ಬಿಗಳ ದಟ್ಟಣೆ ಇಲ್ಲ. ಆದ್ದರಿಂದ ಇಲ್ಲಿ ಹುಡುಕುವುದಕ್ಕಿಂತ ಇಡುವ ಕೆಲಸವೇ ಹೆಚ್ಚು. ನಕ್ಷೆಯ ಉದ್ಯೋಗದವರಿಗೆ ಇದು ಒಳ್ಳೆಯದೇ, ಕಲಿಕೆ ಇರುವುದು ಇಡುವುದರಲ್ಲಿ.

ಅಂಕಿಯ ಬರಹದಲ್ಲೇ ಆಗುವ ತಪ್ಪು

ದಾವಣಗೆರೆ ನಗರದೊಳಗಿನ ಒಂದು ಬಿಂದು ತೆಗೆದುಕೊಳ್ಳಿ: ಉತ್ತರ 14.4644°, ಪೂರ್ವ 75.9218°. ಜಿಯೋಕ್ಯಾಶಿಂಗ್ ಬಳಸುವುದು ಡಿಗ್ರಿ ಮತ್ತು ದಶಮಾಂಶ ನಿಮಿಷ. ಚುಕ್ಕಿಯ ನಂತರದ ಭಾಗವನ್ನು 60ರಿಂದ ಗುಣಿಸಿದರೆ ಉ. 14° 27.864′, ಪೂ. 75° 55.308′ ಸಿಗುತ್ತದೆ. ನಿಮಿಷದ ದಶಮಾಂಶವನ್ನು ಮತ್ತೆ 60ರಿಂದ ಗುಣಿಸಿದರೆ 14° 27′ 51.84″, 75° 55′ 18.48″. ಮೂರೂ ಒಂದೇ ಜಾಗ.

ಅವಸರದಲ್ಲಿ ಡಿಗ್ರಿ ಚಿಹ್ನೆಯ ಜಾಗದಲ್ಲಿ ಚುಕ್ಕಿ ಇಟ್ಟು 14.27864, 75.55308 ಎಂದು ಟೈಪ್ ಮಾಡಿದರೆ ಬಿಂದು ಸುಮಾರು 20 ಕಿ.ಮೀ. ದಕ್ಷಿಣಕ್ಕೂ 40 ಕಿ.ಮೀ. ಪಶ್ಚಿಮಕ್ಕೂ ಸರಿದು, ಹೊನ್ನಾಳಿ ದಾಟಿ ಶಿಕಾರಿಪುರದ ಹಾದಿಯಲ್ಲಿ ಬೀಳುತ್ತದೆ. ಅಕ್ಷಾಂಶ ರೇಖಾಂಶ ಅದಲುಬದಲಾದರೆ ನಾರ್ವೆಯಾಚೆಯ ಆರ್ಕ್‌ಟಿಕ್ ಸಮುದ್ರ. ಎರಡನೆಯ ತಪ್ಪು ಕಣ್ಣಿಗೆ ಹೊಡೆಯುತ್ತದೆ, ಕೂಡಲೇ ತಿದ್ದಿಕೊಳ್ಳಬಹುದು. ಮೊದಲನೆಯದು ಅಪಾಯಕಾರಿ, ಏಕೆಂದರೆ ಬಿಂದು ಕರ್ನಾಟಕದೊಳಗೇ ನಂಬುವಂಥ ಜಾಗದಲ್ಲಿರುತ್ತದೆ. ಕಚೇರಿಯಲ್ಲಿ ಎಕ್ಸೆಲ್ ಹಾಳೆಯಿಂದ ಕೊಳವೆಬಾವಿಗಳ ಪಟ್ಟಿಯನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶಕ್ಕೆ ತರುವಾಗ ಆಗುವುದೂ ಇದೇ ತಪ್ಪು. ಅಲ್ಲಿ ಎಕ್ಸ್ ಎಂದರೆ ರೇಖಾಂಶ, ವೈ ಎಂದರೆ ಅಕ್ಷಾಂಶ. ಮಾತಿನಲ್ಲಿ ನಾವು ಹೇಳುವ ಕ್ರಮಕ್ಕೆ ಇದು ತಿರುವುಮುರುವು.

ನಮ್ಮ ಅಕ್ಷಾಂಶದಲ್ಲಿ 1 ಡಿಗ್ರಿ ಅಕ್ಷಾಂಶ ಸುಮಾರು 110.6 ಕಿ.ಮೀ., 1 ಡಿಗ್ರಿ ರೇಖಾಂಶ ಸುಮಾರು 108 ಕಿ.ಮೀ. ಹಾಗಾಗಿ 0.001 ನಿಮಿಷ ಎಂದರೆ 1.8 ಮೀಟರ್. ಆಟದ ಬರಹ ಅದಕ್ಕಿಂತ ಸೂಕ್ಷ್ಮಕ್ಕೆ ಹೋಗುವುದೇ ಇಲ್ಲ. ರಿಸೀವರಿನ ತಪ್ಪು 5 ಮೀಟರ್ ಇರುವಾಗ ಇದು ಸರಿಯಾದ ಆಯ್ಕೆ. ವರದಿಯಲ್ಲಿ 8 ದಶಮಾಂಶ ಅಂಕಿ ತುಂಬುವ ಹೊಸಬರು ಇದನ್ನು ನೋಡಿ ಕಲಿಯಬೇಕು.

76ನೇ ರೇಖಾಂಶದ ಎರಡು ಬದಿ

ದಾವಣಗೆರೆಗೂ ಚಿತ್ರದುರ್ಗಕ್ಕೂ ನಡುವೆ 76° ಪೂರ್ವ ರೇಖಾಂಶ ಹಾದುಹೋಗುತ್ತದೆ. ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟುಗಳಲ್ಲಿ (ನೆಲದ ವಿವರ ತೋರಿಸುವ ನಕ್ಷೆ ಹಾಳೆಗಳಲ್ಲಿ) ಇದು ದೊಡ್ಡ ಗಡಿ: ದಾವಣಗೆರೆ ಇರುವುದು 48ಎನ್/15ರಲ್ಲಿ, ಚಿತ್ರದುರ್ಗದ ಕೋಟೆ ಇರುವುದು 57ಬಿ/8ರಲ್ಲಿ. ನಲವತ್ತೆಂಟರ ಸಾಲಿನಿಂದ ಐವತ್ತೇಳಕ್ಕೆ ಜಿಗಿತ, ಅದೂ 60 ಕಿ.ಮೀ. ಆಸುಪಾಸಿನ ಹಾದಿಯಲ್ಲಿ. ಎರಡೂ ಊರು ಬೇಕಾದ ಯೋಜನೆಗೆ ಹಾಳೆಗಳನ್ನು ಅಂಟಿಸಬೇಕಾಗುವುದು ಇದರಿಂದಲೇ.

ಆ ಹಳೆಯ 1:50,000 ಹಾಳೆಗಳು ಎವರೆಸ್ಟ್ ದೀರ್ಘಗೋಳ ಎಂಬ, ಭೂಮಿಯ ಆಕಾರದ ಹಳೆಯ ಲೆಕ್ಕದ ಮಾದರಿಯ ಮೇಲೆ ನಿಂತಿವೆ. ಫೋನಿನ ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84 ಎಂಬ ಬೇರೆ ಮಾದರಿ. ಹಾಳೆಯ ಮೂಲೆಯ ಅಂಕಿಗಳನ್ನು ನೇರವಾಗಿ ಡಬ್ಲ್ಯುಜಿಎಸ್ 84 ಎಂದೇ ಭಾವಿಸಿ ಜಿಯೋರೆಫರೆನ್ಸ್ ಮಾಡಿದರೆ (ನಕ್ಷೆಯನ್ನು ಭೂಮಿಯ ಮೇಲಿನ ತನ್ನ ಜಾಗಕ್ಕೆ ಕೂರಿಸಿದರೆ) ಇಡೀ ನಕ್ಷೆ 100 ಮೀಟರಿಗಿಂತ ಹೆಚ್ಚು ಸರಿಯುತ್ತದೆ. ಕೆರೆಯ ಏರಿ ನೀರೊಳಗೆ ಇಳಿದಂತೆ ಕಾಣುತ್ತದೆ. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ಬಂದ ಓಪನ್ ಸೀರೀಸ್ ಹಾಳೆಗಳು ಡಬ್ಲ್ಯುಜಿಎಸ್ 84, ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ) ಪದ್ಧತಿಯವು. ಅವುಗಳಲ್ಲಿ ಈ ತೊಂದರೆ ಇಲ್ಲ. ಯಾವ ಹಾಳೆ ಕೈಯಲ್ಲಿದೆ ಎಂಬುದನ್ನು ಅಂಚಿನ ಟಿಪ್ಪಣಿಯಲ್ಲಿ ಓದಿಯೇ ಮುಂದಕ್ಕೆ ಹೋಗಬೇಕು.

ಇದನ್ನು ಅಭ್ಯಾಸ ಮಾಡಲು ಡಬ್ಬಿಯೇ ಬೇಕಿಲ್ಲ. ಪೂರ್ಣ ಡಿಗ್ರಿಯ ಅಕ್ಷಾಂಶ ರೇಖಾಂಶ ಕೂಡುವ ಬಿಂದುಗಳಿಗೆ ನಡೆದು ಹೋಗಿ ಚಿತ್ರ ತೆಗೆಯುವ ಡಿಗ್ರಿ ಕಾನ್‌ಫ್ಲುಯೆನ್ಸ್ ಯೋಜನೆ 1996ರಿಂದಲೂ ನಡೆಯುತ್ತಿದೆ. ನಮ್ಮ ಪಾಲಿನ ಬಿಂದು 14° ಉತ್ತರ, 76° ಪೂರ್ವ. ಚನ್ನಗಿರಿಯಿಂದ ಪೂರ್ವಕ್ಕೆ 8 ಕಿ.ಮೀ. ಆಸುಪಾಸಿನಲ್ಲಿ, ಹೊಳಲ್ಕೆರೆಯ ಕಡೆಗೆ. 48ಎನ್/16, 57ಬಿ/4, 48ಓ/13, 57ಸಿ/1 ಎಂಬ ನಾಲ್ಕು ಹಾಳೆಗಳ ಮೂಲೆಗಳು ಅಲ್ಲಿ ಕೂಡುತ್ತವೆ. ಯುಟಿಎಂ ವಲಯ 43ರಲ್ಲಿ ಅದರ ಪೂರ್ವಾಂಕ ಸುಮಾರು 6,08,000 ಮೀಟರ್, ಉತ್ತರಾಂಕ ಸುಮಾರು 15,48,000 ಮೀಟರ್. ಮೊದಲು ಕ್ಯೂಜಿಐಎಸ್‌ನಲ್ಲಿ ಪರಿವರ್ತಿಸಿ ಈ ಅಂಕಿ ಬರುತ್ತದೆಯೇ ನೋಡಿ, ಬಾರದಿದ್ದರೆ ಪ್ರೊಜೆಕ್ಷನ್ (ದುಂಡು ಭೂಮಿಯನ್ನು ಸಪಾಟು ನಕ್ಷೆಗೆ ಇಳಿಸುವ ರೀತಿ) ಆಯ್ಕೆಯಲ್ಲಿ ತಪ್ಪಿದೆ. ಆಮೇಲೆ ಹೊಲದವರನ್ನು ಕೇಳಿಕೊಂಡು ಸ್ಥಳಕ್ಕೆ ಹೋಗಿ. ಪರದೆಯ ಮೇಲೆ ಎಲ್ಲ ಸೊನ್ನೆಗಳೂ ಒಟ್ಟಿಗೆ ನಿಲ್ಲಲು ಒಲ್ಲವು. ನಿಂತಲ್ಲೇ ನಿಂತರೂ ಕೊನೆಯ ಅಂಕಿಗಳು ಕುಣಿಯುತ್ತಿರುತ್ತವೆ. ನಿಖರತೆ ಎಂದರೇನೆಂದು ಇದಕ್ಕಿಂತ ಚೆನ್ನಾಗಿ ತೋರಿಸುವ ಪಾಠ ಇಲ್ಲ.

ಬಂಡೆಗಳ ಊರಿನಲ್ಲಿ ರಿಸೀವರು

ಕೋಟೆಯ ಬಂಡೆಗಳ ನಡುವೆ ಕೂಗಿದರೆ ದನಿ ತಿರುಗಿ ಬರುವ ಹಾಗೆ ಉಪಗ್ರಹದ ಸಂಕೇತವೂ ಬಂಡೆಗೆ ತಾಗಿ ಸುತ್ತಿ ಬರುತ್ತದೆ. ಸುತ್ತಿ ಬಂದ ಸಂಕೇತ ತಡವಾಗಿ ತಲುಪುತ್ತದೆ. ರಿಸೀವರು ಆ ತಡವನ್ನು ದೂರವೆಂದು ಲೆಕ್ಕ ಹಾಕುತ್ತದೆ. ಇದೇ ಮಲ್ಟಿಪಾತ್. ಚಿತ್ರದುರ್ಗದಂಥ ಗ್ರಾನೈಟ್ ಗುಂಡುಗಳ ಸೀಮೆಯಲ್ಲಿ ಒಂದು ಬದಿಯ ಆಕಾಶ ಪೂರ್ತಿ ಮುಚ್ಚಿದ್ದರೆ ತಪ್ಪು 5 ಮೀಟರಿನಿಂದ 15–20ಕ್ಕೆ ಏರುವುದು ಸಾಮಾನ್ಯ. ಮೋಸ ಏನೆಂದರೆ ಆ್ಯಪ್ ಆಗಲೂ «ನಿಖರತೆ 4 ಮೀ.» ಎಂದೇ ತೋರಿಸಬಹುದು. ಆ ಅಂಕಿ ರಿಸೀವರಿನ ಅಂದಾಜು ಮಾತ್ರ, ಅಳತೆಯಲ್ಲ. ಎಲ್1 ಜೊತೆಗೆ ಎಲ್5 ತರಂಗವನ್ನೂ ಹಿಡಿಯುವ ಫೋನುಗಳು ಮಲ್ಟಿಪಾತ್ ಅನ್ನು ಸ್ವಲ್ಪ ಚೆನ್ನಾಗಿ ತಡೆಯುತ್ತವೆ. ಕೊಳ್ಳುವಾಗ ಇದನ್ನು ವಿಚಾರಿಸುವುದು ಲೇಸು.

ಡಬ್ಬಿಯ ನಿರ್ದೇಶಾಂಕ ತೆಗೆಯುವ ಸರಿಯಾದ ಕ್ರಮ ಹೀಗಿದೆ. ಸ್ಥಳಕ್ಕೆ ಹೋಗಿ ಫೋನನ್ನು ತೆರೆದ ಆಕಾಶಕ್ಕೆ ಮುಖ ಮಾಡಿ 5 ನಿಮಿಷ ಇಡಿ. ಪ್ರತಿ ಉಪಗ್ರಹವೂ ತನ್ನ ಪಥದ ಮಾಹಿತಿಯನ್ನು 30 ಸೆಕೆಂಡಿಗೊಮ್ಮೆ ಮರಳಿ ಹೇಳುತ್ತದೆ. ಜೋಗಿಮಟ್ಟಿಯ ತಪ್ಪಲಿನಂಥ ನೆಟ್‌ವರ್ಕ್ ಸಿಗದ ಕಡೆ ಫೋನು ಅದನ್ನು ನೇರವಾಗಿ ಆಕಾಶದಿಂದಲೇ ಕೇಳಿಸಿಕೊಳ್ಳಬೇಕು, ತಾಳ್ಮೆ ಬೇಕು. ಆಮೇಲೆ 2–3 ನಿಮಿಷದ ಸರಾಸರಿ ತೆಗೆದು ಬಿಂದು ಉಳಿಸಿ. 20 ಮೀಟರ್ ಆಚೆ ನಡೆದು, ಬೇರೆ ದಿಕ್ಕಿನಿಂದ ಮರಳಿ ಬಂದು ಮತ್ತೊಮ್ಮೆ ತೆಗೆಯಿರಿ. ಇಷ್ಟಕ್ಕೇ ನಿಲ್ಲಿಸಬಾರದು: ಒಂದೇ ಹೊತ್ತಿನಲ್ಲಿ ನೂರು ಸಲ ಓದಿದರೂ ಅದೇ ಉಪಗ್ರಹಗಳ ಅದೇ ತಪ್ಪು ನೂರು ಸಲ ಬರುತ್ತದೆ, ಸರಾಸರಿಯಿಂದ ಅದು ಕಳೆಯುವುದಿಲ್ಲ. ಇನ್ನೊಂದು ದಿನ, ಇನ್ನೊಂದು ಹೊತ್ತಿನಲ್ಲಿ ಹೋಗಿ. ಜಿಪಿಎಸ್ ಉಪಗ್ರಹ ಸುಮಾರು 11 ಗಂಟೆ 58 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುವುದರಿಂದ ನಾಳೆ ಇದೇ ಸಮಯಕ್ಕೆ ಆಕಾಶದಲ್ಲಿ ಹೆಚ್ಚುಕಡಿಮೆ ಇದೇ ಜೋಡಣೆ ಇರುತ್ತದೆ. ಬೆಳಿಗ್ಗೆ ಒಮ್ಮೆ, ಇಳಿಹೊತ್ತಿನಲ್ಲಿ ಒಮ್ಮೆ ಎಂದು ಹೊತ್ತು ಬದಲಿಸಿದರೆ ಮಾತ್ರ ಸ್ವತಂತ್ರ ಓದು ಸಿಗುತ್ತದೆ. ದೂರ ಬಿದ್ದ ಒಂದನ್ನು ತೆಗೆದು ಉಳಿದವುಗಳ ಸರಾಸರಿ ಹಿಡಿಯಿರಿ.

ಸೂರ್ಯ ಮುಳುಗಿದ ಮೇಲಿನ ಓದು ಬೇಡ. ಭೂಕಾಂತೀಯ ಸಮಭಾಜಕ ದಕ್ಷಿಣ ಭಾರತದ ತುದಿಯಲ್ಲೇ ಹಾದುಹೋಗುವುದರಿಂದ ನಮ್ಮ ಆಕಾಶದ ಅಯಾನುಗೋಳ (ಸಂಕೇತ ಹಾದುಬರುವ ಮೇಲಿನ ವಾಯುಪದರ) ಸೂರ್ಯಾಸ್ತದ ನಂತರದ ಕೆಲವು ತಾಸು ಅಲ್ಲೋಲಕಲ್ಲೋಲವಾಗುತ್ತದೆ. ಮಾರ್ಚ್–ಏಪ್ರಿಲ್, ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಸೂರ್ಯನ ಚಟುವಟಿಕೆ ಹೆಚ್ಚಿದ ವರ್ಷಗಳಲ್ಲಿ ಇದು ಇನ್ನೂ ಜೋರು. ಆರ್‌ಟಿಕೆ ಎಂಬ ಸೆಂಟಿಮೀಟರ್ ನಿಖರತೆಯ ಉಪಕರಣ ಹಿಡಿದ ಸರ್ವೆ ತಂಡಗಳಿಗೂ ಆ ಹೊತ್ತಿನಲ್ಲಿ ಸಂಪರ್ಕ ಕಡಿದುಹೋಗುವುದುಂಟು.

ಸಾಮಾನ್ಯ ದಾರಿ ತೋರಿಸುವ ಆ್ಯಪಿನಿಂದ ಬಿಂದು ತೆಗೆಯಬೇಡಿ. ಅವು ನಿಮ್ಮನ್ನು ಹತ್ತಿರದ ರಸ್ತೆಯ ಮೇಲೆ ಎಳೆದು ಕೂರಿಸುತ್ತವೆ, ವೈಫೈ, ಟವರುಗಳ ಅಂದಾಜನ್ನೂ ಬೆರೆಸುತ್ತವೆ. ಉಪಗ್ರಹಗಳ ಪಟ್ಟಿ ತೋರಿಸುವ ಆ್ಯಪ್ ಅಥವಾ ಕ್ಯೂಜಿಐಎಸ್ ಜೊತೆ ಹೊಂದುವ ಕ್ಯೂಫೀಲ್ಡ್ ಆ್ಯಪ್ ಬಳಸಿ. ಎತ್ತರದ ವಿಷಯದಲ್ಲಿ ಇನ್ನೊಂದು ಎಚ್ಚರ: ಜಿಪಿಎಸ್ ಮೂಲತಃ ಕೊಡುವುದು ದೀರ್ಘಗೋಳದ ಮೇಲಿನ ಎತ್ತರ. ನಮ್ಮ ಈ ಭಾಗದಲ್ಲಿ ಸಮುದ್ರಮಟ್ಟದ ಮೇಲ್ಮೈ ಆ ದೀರ್ಘಗೋಳಕ್ಕಿಂತ ಸುಮಾರು 80–90 ಮೀಟರ್ ಕೆಳಗಿದೆ. ಹಾಗಾಗಿ ತಿದ್ದುಪಡಿ ಇಲ್ಲದ ಆ್ಯಪಿನಲ್ಲಿ ಚಿತ್ರದುರ್ಗ ಅಷ್ಟೇ ತಗ್ಗಿನಲ್ಲಿದ್ದಂತೆ ತೋರುತ್ತದೆ. ಉಪಕರಣ ಕೆಟ್ಟಿಲ್ಲ, ಅಳೆಯುವ ಆಧಾರ ಬೇರೆ. ಕಾಲುವೆಯ ಇಳಿಜಾರು ಲೆಕ್ಕ ಹಾಕುವವರು ಇದನ್ನು ಮರೆತರೆ ನೀರು ಹರಿಯುವ ದಿಕ್ಕೇ ತಪ್ಪಬಹುದು. ಫೋನಿನ ದಿಕ್ಸೂಚಿಯನ್ನು ಭೀಮಸಮುದ್ರದ ಕಡೆಯ ಕಬ್ಬಿಣದ ಅದಿರಿನ ಗುಡ್ಡಗಳಲ್ಲಿ ನಂಬಬೇಡಿ. ಹತ್ತು ಹೆಜ್ಜೆ ನಡೆದು, ಬಿಂದು ಸರಿದ ದಿಕ್ಕು ನೋಡಿ.

ಕ್ಯೂಜಿಐಎಸ್‌ನಲ್ಲಿ ಜಾಗ ಆರಿಸುವುದು

ಉದ್ಯೋಗದ ಕೈಚಳಕ ಹೆಚ್ಚು ಉಪಯೋಗಕ್ಕೆ ಬರುವುದು ಇಲ್ಲಿ. ಇರುವ ಡಬ್ಬಿಗಳನ್ನು ಜಿಪಿಎಕ್ಸ್ (ಜಿಪಿಎಸ್ ಬಿಂದುಗಳ) ಕಡತವಾಗಿ ಕ್ಯೂಜಿಐಎಸ್‌ಗೆ ತಂದು, ಮೊದಲು ಇಪಿಎಸ್‌ಜಿ 32643 ಎಂಬ ಸಂಖ್ಯೆಯ ಪದ್ಧತಿಗೆ ಬದಲಿಸಿ. ಇದು ಡಬ್ಲ್ಯುಜಿಎಸ್ 84ರ ಯುಟಿಎಂ 43 ಉತ್ತರ ವಲಯ, 72°ಯಿಂದ 78°ವರೆಗೆ. ಎರಡೂ ಜಿಲ್ಲೆಗಳಿಗೆ ಸಾಕು. ಆಮೇಲೆ ಪ್ರತಿ ಡಬ್ಬಿಯ ಸುತ್ತ 161 ಮೀಟರಿನ ಬಫರ್, ಅಂದರೆ ಹೊಸ ಡಬ್ಬಿ ಇಡಬಾರದ ವೃತ್ತ ಎಳೆಯಿರಿ. ಬದಲಿಸುವುದನ್ನು ಮರೆತು ಡಿಗ್ರಿಯಲ್ಲಿ ಅಳೆಯುವ 4326ರಲ್ಲೇ ಬಫರಿಗೆ 161 ಎಂದು ಕೊಟ್ಟರೆ ತಂತ್ರಾಂಶ ಅದನ್ನು 161 ಡಿಗ್ರಿ ಎಂದು ಓದಿ ಭೂಮಂಡಲವನ್ನೇ ಮುಚ್ಚುತ್ತದೆ. ಹೊಸಬರೆಲ್ಲ ಒಮ್ಮೆ ಮಾಡುವ ತಪ್ಪು ಇದು.

ಎರಡನೆಯ ಲೇಯರು (ನಕ್ಷೆಯ ಪದರ) ಸ್ಮಾರಕಗಳದು. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಕಾನೂನು ಮಾತಾಡುವುದು ಕಟ್ಟಡ ಕೆಲಸದ ಬಗ್ಗೆ. ಆದರೂ ಡಬ್ಬಿಗೂ ಈ 300 ಮೀಟರ್ ಬಿಟ್ಟುಬಿಡುವುದೇ ಸರಿಯಾದ ನಡತೆ. ಮೂರನೆಯದು ಅರಣ್ಯ: ಜೋಗಿಮಟ್ಟಿ ವನ್ಯಜೀವಿಧಾಮ, ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿ ಧಾಮ ಇಂಥವುಗಳ ಗಡಿ. ನಾಲ್ಕನೆಯದು ರಸ್ತೆ, ಕಾಲುದಾರಿ. ಅದು ಯಾರು ಬೇಕಾದರೂ ತಿದ್ದಿ ಬೆಳೆಸಬಹುದಾದ ಉಚಿತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪಿನಿಂದ ಸಿಗುತ್ತದೆ. ಅದರಲ್ಲಿ ನಮ್ಮ ಹಳ್ಳಿಗಳ ಬಂಡಿದಾರಿ, ಕಟ್ಟೆ, ಕಲ್ಯಾಣಿ ಎಷ್ಟೋ ಇನ್ನೂ ಸೇರಿಲ್ಲ. ನಡೆದು ಬಂದ ಹಾದಿಯನ್ನು ಅಲ್ಲಿಗೆ ಸೇರಿಸುವುದನ್ನೂ ಹವ್ಯಾಸದ ಭಾಗವಾಗಿಸಿಕೊಂಡರೆ ಮುಂದೆ ಬರುವ ಎಲ್ಲರಿಗೂ ಉಪಕಾರ.

ಐದನೆಯದು ಎತ್ತರದ ಮಾದರಿ. ಇಸ್ರೋದ ಭುವನ್ ತಾಣದಲ್ಲಿ ಸಿಗುವ ಕಾರ್ಟೋಸ್ಯಾಟ್ ಮಾದರಿಯ ಒಂದೊಂದು ಚೌಕ ಸುಮಾರು 30 ಮೀಟರಿನದು. ಅದರಿಂದ ಇಳಿಜಾರು ತೆಗೆಯುವ ಮೊದಲು ಅದನ್ನೂ 32643ಕ್ಕೆ ತರಬೇಕು. ಅಡ್ಡ ಅಳತೆ ಡಿಗ್ರಿಯಲ್ಲಿ, ಎತ್ತರ ಮೀಟರಿನಲ್ಲಿ ಉಳಿದರೆ ದಾವಣಗೆರೆಯ ಎರೆಹೊಲವೂ ಗೋಡೆಯಂತೆ 90 ಡಿಗ್ರಿ ಕಡಿದಾಗಿ ಕಾಣುತ್ತದೆ. ಸರಿಯಾಗಿ ಮಾಡಿದರೂ 30 ಮೀಟರಿನ ಚೌಕಕ್ಕೆ 8 ಮೀಟರಿನ ಗುಂಡು ಕಾಣದು. ನಕ್ಷೆಯಲ್ಲಿ ಸಪಾಟು ಎಂದು ತೋರಿದ ಜಾಗ ಸ್ಥಳದಲ್ಲಿ ಕೈಕಾಲು ಎರಡೂ ಊರಿ ಹತ್ತಬೇಕಾದ್ದು ಇರಬಹುದು. ಆದ್ದರಿಂದ ನೆಲದ ಅಂಕವನ್ನು ಕಂಪ್ಯೂಟರಿನಿಂದ ಕೊಡಬಾರದು, ನಡೆದು ಕೊಡಬೇಕು.

ಅನುಮತಿ, ಅನುಮಾನ

ಉಳಿದ ಜಾಗ ಯಾರದೆಂದು ತಿಳಿಯಲು ನಮ್ಮ ರಾಜ್ಯದಲ್ಲಿ ಒಳ್ಳೆಯ ದಾರಿ ಇದೆ. ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಆ ನಂಬರಿನಿಂದ ಭೂಮಿ ತಾಣದಲ್ಲಿ ಪಹಣಿ ನೋಡಿದರೆ ಖಾಸಗಿಯೋ, ಗೋಮಾಳವೋ, ಅರಣ್ಯವೋ ತಿಳಿಯುತ್ತದೆ. ದಿಶಾಂಕಿನ ಗೆರೆ ಗ್ರಾಮನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿದ್ದು, ಕೆಲವು ಮೀಟರ್ ಸರಿದಿರಬಹುದು. ಬದುವಿನ ಹತ್ತಿರ ನಿಂತಿದ್ದರೆ ಎರಡೂ ಕಡೆಯ ನಂಬರ್ ನೋಡಿ. ಈ ಆ್ಯಪನ್ನೋ ಫೋನಿನ ಬಿಂದುವನ್ನೋ ಹಿಡಿದು ಯಾರ ಹದ್ದುಬಸ್ತಿನ ಜಗಳದಲ್ಲೂ ತೀರ್ಪು ಹೇಳಬೇಡಿ. ಅದು ಪರವಾನಗಿ ಪಡೆದ ಭೂಮಾಪಕರು ಟಿಪ್ಪಣಿ, ಆಕಾರ್‌ಬಂದ್ ಎಂಬ ಸರ್ವೆ ದಾಖಲೆಗಳನ್ನು ನೋಡಿ ಮಾಡುವ ಕೆಲಸ.

ಚಿತ್ರದುರ್ಗ ಸೀಮೆಯಲ್ಲಿ ಇನ್ನೊಂದು ವಿಷಯ ಗಂಭೀರವಾದುದು. ಹಾಳು ಗುಡಿ, ಹಳೆಯ ಕೋಟೆ, ಮಾಸ್ತಿಕಲ್ಲುಗಳ ಸುತ್ತ ನಿಧಿಗಳ್ಳರು ಅಗೆದು ಹಾಳುಗೆಡವಿದ ನೋವು ಹಳ್ಳಿಗಳಲ್ಲಿ ಹಸಿಯಾಗಿದೆ. ಕೈಯಲ್ಲಿ ಉಪಕರಣ ಹಿಡಿದು ಪೊದೆ, ಕಲ್ಲು ಸರಿಸಿ ನೋಡುವವರನ್ನು ಊರವರು ಅನುಮಾನಿಸುವುದು ನ್ಯಾಯವೇ. ಆಟವನ್ನು ವಿವರಿಸುವಾಗ ನಿಧಿ ಎಂಬ ಮಾತೇ ಬರಬಾರದು. ನಕ್ಷೆ ಓದುವ ಆಟ, ಡಬ್ಬಿಯಲ್ಲಿ ಹೆಸರು ಬರೆಯುವ ಪುಸ್ತಕ ಮಾತ್ರ ಇದೆ ಎಂದು ತೋರಿಸಿ ಹೇಳಿ. ಡಬ್ಬಿ ಇಡುವ ಮೊದಲು ಗ್ರಾಮ ಪಂಚಾಯಿತಿಗೂ ಸಮೀಪದ ಠಾಣೆಗೂ ಒಂದು ಪುಟದ ಪತ್ರ ಕೊಟ್ಟು, ನಕ್ಷೆ ಮತ್ತು ಡಬ್ಬಿಯ ಚಿತ್ರ ಅಂಟಿಸಿ, ಸ್ವೀಕೃತಿ ಪಡೆಯಿರಿ. ಪಾಳು ಗುಡಿಯ 300 ಮೀಟರ್ ಒಳಗೆ ಹೋಗಲೇಬೇಡಿ, ಅದು ಸಂರಕ್ಷಿತ ಪಟ್ಟಿಯಲ್ಲಿ ಇರಲಿ, ಬಿಡಲಿ.

ರೈಲು ನಿಲ್ದಾಣ, ಬಸ್ ನಿಲ್ದಾಣ, ವಾಣಿವಿಲಾಸ ಸಾಗರದಂಥ ಅಣೆಕಟ್ಟು, ವಿದ್ಯುತ್ ಉಪಕೇಂದ್ರ, ಗಾಳಿಯಂತ್ರದ ಬುಡ, ಯಾವುದೂ ಬೇಡ. ಚಳ್ಳಕೆರೆಯ ಕುದಾಪುರದ ಕಡೆ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯ ಮತ್ತು ಇತರ ವಿಜ್ಞಾನ ಸಂಸ್ಥೆಗಳಿವೆ. ಅದರ ಹತ್ತಿರ ಡಬ್ಬಿಯನ್ನೂ ಇಡಬಾರದು, ಡ್ರೋನನ್ನೂ ಹಾರಿಸಬಾರದು. ನಕ್ಷೆ ಮಾಹಿತಿಯ ಬಗ್ಗೆ ಕೇಂದ್ರ ಸರ್ಕಾರದ 2021ರ ಫೆಬ್ರವರಿ 15ರ ಮಾರ್ಗಸೂಚಿ ಭಾರತೀಯರಿಗೆ ಮುಂಗಡ ಅನುಮತಿ ಇಲ್ಲದೆ ನಕ್ಷೆ ಮಾಡುವ, ಪ್ರಕಟಿಸುವ ಸ್ವಾತಂತ್ರ್ಯ ಕೊಟ್ಟಿದೆ ನಿಜ, ಆದರೆ ಸೂಕ್ಷ್ಮ ಸ್ಥಾವರಗಳ ವಿವರಕ್ಕೆ ಆ ಸ್ವಾತಂತ್ರ್ಯ ಇಲ್ಲ. ಸಾದಾ ಕೈಜಿಪಿಎಸ್ ಬಳಸಬಹುದು. ಉಪಗ್ರಹದ ಮೂಲಕ ಸಂದೇಶ ಕಳಿಸುವ ಉಪಕರಣಕ್ಕೆ ಮಾತ್ರ ಪರವಾನಗಿ ಬೇಕೇ ಬೇಕು. ಹೊರದೇಶದಿಂದ ಬರುವ ಗೆಳೆಯರಿಗೆ ಇದನ್ನು ಮೊದಲೇ ತಿಳಿಸಿ.

ಡಬ್ಬಿ ಬೇಡದ ಡಬ್ಬಿ

ಇಷ್ಟೆಲ್ಲ ಕಟ್ಟುಪಾಡಿನ ಜಾಗಗಳೇ ನೋಡಲು ಚೆಂದವಾದವು. ಅವಕ್ಕೆ ಸರಿಹೊಂದುವುದು 2004ರಲ್ಲಿ ಶುರುವಾದ ಅರ್ಥ್‌ಕ್ಯಾಶ್. ಇದರಲ್ಲಿ ಡಬ್ಬಿ ಇಲ್ಲ. ಭೂವಿಜ್ಞಾನದ ಒಂದು ಪಾಠ, ಸ್ಥಳಕ್ಕೆ ಹೋದವರು ಮಾತ್ರ ಉತ್ತರಿಸಬಲ್ಲ ಕೆಲವು ಪ್ರಶ್ನೆ, ಅಷ್ಟೇ. ಜಾಗದ ಆಡಳಿತದ ಅನುಮತಿ ಇದಕ್ಕೂ ಬೇಕು.

ಚಿತ್ರದುರ್ಗದ ಆಗ್ನೇಯಕ್ಕಿರುವ ಮರಡಿಹಳ್ಳಿಯ ದಿಂಬು ಲಾವಾ ಇದಕ್ಕೆ ಹೇಳಿ ಮಾಡಿಸಿದ ಸ್ಥಳ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ನೀರಿನಡಿಯಲ್ಲಿ ಉಕ್ಕಿದ ಲಾವಾದ ಹೊರಮೈ ಕೂಡಲೇ ತಣಿದು ಗಟ್ಟಿಯಾಗುತ್ತದೆ, ಒಳಗಿನದು ಉಬ್ಬಿ ದಿಂಬಿನಂತೆ ಒಂದರ ಮೇಲೊಂದು ಕೂರುತ್ತದೆ. ಮೇಲೆ ಕೂತ ದಿಂಬು ಕೆಳಗಿನವುಗಳ ಸಂದಿಗೆ ಬಾಲದಂತೆ ಇಳಿಯುತ್ತದೆ. ಹೀಗಾಗಿ 250 ಕೋಟಿ ವರ್ಷಕ್ಕೂ ಹಿಂದಿನ ಈ ಪದರದಲ್ಲಿ ಆಗ ಮೇಲ್ಭಾಗ ಯಾವ ಕಡೆಗಿತ್ತು ಎಂಬುದನ್ನು ಇಂದೂ ಓದಬಹುದು. ಪ್ರಶ್ನೆಗಳು ಹೀಗಿರಲಿ: ಒಂದು ದಿಂಬಿನ ಉದ್ದಗಲ ಅಳೆಯಿರಿ, ಅಂಚಿನ ಬಣ್ಣಕ್ಕೂ ನಡುವಿನ ಬಣ್ಣಕ್ಕೂ ವ್ಯತ್ಯಾಸವೇನು, ಏಕೆ, ಬಾಲಗಳು ಯಾವ ದಿಕ್ಕಿಗೆ ತೋರುತ್ತವೆ. ಸುತ್ತಿಗೆ ಒಯ್ಯಬಾರದು, ಚೂರು ತರಬಾರದು. ಗೂಗಲ್ ನೋಡಿ ಉತ್ತರಿಸಬಹುದಾದ ಪ್ರಶ್ನೆಯನ್ನು ಪರಿಶೀಲಕರು ತಿರಸ್ಕರಿಸುತ್ತಾರೆ.

ಕೋಟೆಯನ್ನು ಸೇರಿಸಲೇಬೇಕೆಂದರೆ ಮಲ್ಟಿ ಎಂಬ ಬಗೆ ಇದೆ. ಕೋಟೆಯ ಹೊರಗಿನ ಮಾಹಿತಿ ಫಲಕದಲ್ಲಿನ ವರ್ಷ, ಮೆಟ್ಟಿಲ ಸಂಖ್ಯೆ ಇಂಥದರಿಂದ ಲೆಕ್ಕ ಹಾಕಿ ಕೊನೆಯ ನಿರ್ದೇಶಾಂಕ ಪಡೆಯುವುದು. ನಿಜವಾದ ಡಬ್ಬಿ ಅನುಮತಿ ಇರುವ ಬೇರೆ ಕಡೆ. ನೋಡಿ ಬರುವ ಹಂತಕ್ಕೆ 161 ಮೀಟರಿನ ನಿಯಮ ಇಲ್ಲ. ಫಲಕ ಬದಲಾದರೆ ಲೆಕ್ಕ ಕೆಡುತ್ತದೆ, ಆದ್ದರಿಂದ ಎರಡು ಬೇರೆ ಬೇರೆ ಆಧಾರ ಇಡಿ.

ನಿಜವಾದ ಡಬ್ಬಿ

ಪಾರದರ್ಶಕ ಡಬ್ಬಿಯೇ ಬೇಕು, ಒಳಗೇನಿದೆ ಎಂದು ಮುಟ್ಟದೆ ಕಾಣಬೇಕು. ಹೊರದೇಶಗಳಲ್ಲಿ ಪ್ರಿಯವಾದ ಸೈನ್ಯದ ಮದ್ದುಗುಂಡಿನ ಪೆಟ್ಟಿಗೆಯಾಗಲಿ, ಟೇಪು ಸುತ್ತಿದ ಪೈಪಾಗಲಿ ನಮ್ಮಲ್ಲಿ ಬಾಂಬ್ ನಿಷ್ಕ್ರಿಯ ದಳವನ್ನು ಕರೆಸುತ್ತದೆ. ನಾಲ್ಕು ಬದಿ ಕ್ಲಿಪ್, ಮುಚ್ಚಳದಲ್ಲಿ ರಬ್ಬರ್ ಪಟ್ಟಿ ಇರುವ 300–500 ಮಿಲಿಲೀಟರಿನ ಅಡುಗೆಮನೆ ಡಬ್ಬಿ ಸಾಕು. ಒಳಗೆ ಜಿಪ್ ಚೀಲದಲ್ಲಿ ಲಾಗ್ ಪುಸ್ತಕ, ಒಂದು ಪೆನ್ಸಿಲ್, ಒಂದು ಸಿಲಿಕಾ ಜೆಲ್ ಪೊಟ್ಟಣ. ಪೆನ್ನು ಬೇಸಿಗೆಯಲ್ಲಿ ಒಣಗುತ್ತದೆ ಅಥವಾ ಸೋರುತ್ತದೆ. ತಿನಿಸು ಇಡಬಾರದು, ಕೋತಿಗಳು ಒಡೆದು ಹಾಕುತ್ತವೆ. ಮುಚ್ಚಳದ ಮೇಲೆ ಕನ್ನಡದಲ್ಲಿ ದೊಡ್ಡದಾಗಿ «ನಕ್ಷೆ ಆಟದ ಡಬ್ಬಿ, ಅಪಾಯವಿಲ್ಲ» ಎಂದು ಬರೆದು, ಆಟದ ವಿವರ ನಾಲ್ಕು ಸಾಲು ಒಳಗಿಡಿ. ನೀರು ಸೇರುವುದು ಬಹುಪಾಲು ರಬ್ಬರ್ ಪಟ್ಟಿಗೆ ಮರಳು ಸಿಕ್ಕಿದಾಗ. ಮುಂಗಾರಿಗೆ ಮೊದಲೊಮ್ಮೆ ಒರೆಸಿ ಬರುವುದು ಒಡೆಯರ ಹೊಣೆ. ಬಿಸಿಲಿಗೆ ಪಶ್ಚಿಮದ ಮುಖ ಬೇಡ. ಕೈ ಹಾಕಿ ತಡಕಬೇಕಾದ ಬಂಡೆಯ ಸಂದಿ ಬೇಡವೇ ಬೇಡ: ಚೇಳು, ಹಾವು, ಗುಡ್ಡದ ಬದಿಯಲ್ಲಿ ಕರಡಿ. ನಿಂತು ಕಣ್ಣಿಗೆ ಕಾಣುವ, ಸೊಂಟದೆತ್ತರದ ಜಾಗ ಹುಡುಕಿ.

ಲಾಗ್ ಎಂಬ ತಪಾಸಣೆ

ಡ್ರೋನ್ ಸರ್ವೆಯಲ್ಲಿ ನಕ್ಷೆ ಸಿದ್ಧವಾದ ಮೇಲೆ ಲೆಕ್ಕದಲ್ಲಿ ಬಳಸದ ಕೆಲವು ಬಿಂದುಗಳನ್ನು ನೆಲದಲ್ಲಿ ಅಳೆದು ಹೋಲಿಸುತ್ತಾರೆ. ಡಬ್ಬಿಗೆ ಅಂಥ ತಪಾಸಣಾ ಬಿಂದುಗಳು ಹುಡುಕುವವರಿಂದ ತಾವಾಗಿಯೇ ಬರುತ್ತವೆ, ಅವರು ತಮ್ಮ ಓದನ್ನು ಬರೆದಿಟ್ಟರೆ. ಡಬ್ಬಿಯ ವಿವರಣೆಯಲ್ಲಿ ಹಾಗೆ ಕೇಳಿಕೊಳ್ಳಿ. ಐವರ ಓದು ನಿಮ್ಮ ಬಿಂದುವಿನಿಂದ 3, 4, 6, 2, 5 ಮೀಟರ್ ದೂರವಿದೆ ಎನ್ನಿ. ವರ್ಗಗಳು 9, 16, 36, 4, 25. ಮೊತ್ತ 90, ಐದರಿಂದ ಭಾಗಿಸಿದರೆ 18, ವರ್ಗಮೂಲ 4.2 ಮೀಟರ್. ಇದೇ ಆರ್‌ಎಂಎಸ್ ತಪ್ಪು.

ಇದಕ್ಕಿಂತ ಮುಖ್ಯ ದಿಕ್ಕು. ಐದೂ ಓದು ಸುತ್ತಲೂ ಚದುರಿದ್ದರೆ ಅದು ಅವರವರ ಫೋನಿನ ತಪ್ಪು, ನಿಮ್ಮ ಬಿಂದು ಸರಿ. ಐದೂ ಈಶಾನ್ಯಕ್ಕೇ 8 ಮೀಟರ್ ಬಿದ್ದರೆ ತಪ್ಪು ನಿಮ್ಮದು, ಬಂಡೆಯ ಮಗ್ಗುಲಲ್ಲಿ ಒಂದೇ ಹೊತ್ತಿನಲ್ಲಿ ಓದಿರುತ್ತೀರಿ. ಚದುರಿದ ತಪ್ಪಿಗೂ ಒಂದೇ ಕಡೆ ವಾಲಿದ ತಪ್ಪಿಗೂ ಇರುವ ಈ ಭೇದವನ್ನು ನೆಲದಲ್ಲಿ ಕಂಡವರು ಕಚೇರಿಯಲ್ಲಿ ಗ್ರಾಮನಕ್ಷೆ ಉಪಗ್ರಹ ಚಿತ್ರಕ್ಕೆ ಕೂರದಿದ್ದಾಗ ಎಲ್ಲಿ ಕೈ ಹಾಕಬೇಕೆಂದು ಬೇಗ ತಿಳಿಯುತ್ತಾರೆ.

ಉದ್ಯೋಗದ ಕಡೆ

ಈ ಭಾಗದಲ್ಲಿ ನಕ್ಷೆಯ ಕೆಲಸಕ್ಕೆ ಕೊರತೆ ಇಲ್ಲ. ಮೋಜಣಿಯ ಪರವಾನಗಿ ಸರ್ವೆ, ಹಳ್ಳಿಯ ಮನೆ ಆಸ್ತಿ ಗುರುತಿಸುವ ಸ್ವಾಮಿತ್ವ ಯೋಜನೆಯ ಡ್ರೋನ್ ಸರ್ವೆ, ಭದ್ರಾ ಮೇಲ್ದಂಡೆಯಂಥ ಕಾಲುವೆಗಳು, ಗಾಳಿ ಮತ್ತು ಸೌರವಿದ್ಯುತ್ತಿನ ಜಾಗ ಆಯ್ಕೆ, ಪಾಲಿಕೆಯ ಆಸ್ತಿ ನಕ್ಷೆ ಎಲ್ಲಕ್ಕೂ ಜನ ಬೇಕು. ಹಳ್ಳಿಯ ಯುವಕರಿಗೆ ಬೆಳೆ ಸಮೀಕ್ಷೆಯೇ ಎಷ್ಟೋ ಸಲ ಮೊದಲ ಮೆಟ್ಟಿಲು. ಸಿವಿಲ್ ಡಿಪ್ಲೊಮಾ, ಭೂಗೋಳ ಅಥವಾ ಭೂವಿಜ್ಞಾನದ ಪದವಿ ಇದ್ದವರು ಡೆಹ್ರಾಡೂನಿನ ಐಐಆರ್‌ಎಸ್ (ಇಸ್ರೋದ ರಿಮೋಟ್ ಸೆನ್ಸಿಂಗ್ ಸಂಸ್ಥೆ) ನಡೆಸುವ ಉಚಿತ ಆನ್‌ಲೈನ್ ಪಾಠಗಳಿಂದ ಶುರು ಮಾಡಬಹುದು. ಪ್ರಮಾಣಪತ್ರಕ್ಕಿಂತ ಸಂದರ್ಶನದಲ್ಲಿ ತೂಕ ಬರುವುದು ತಾನೇ ಮಾಡಿದ ಕೆಲಸಕ್ಕೆ. ದಾವಣಗೆರೆ ಹತ್ತಿರದ ಕೊಂಡಜ್ಜಿ ಸುತ್ತಲಿನ ಜಾಗ ಆಯ್ಕೆಯ ಕ್ಯೂಜಿಐಎಸ್ ಯೋಜನೆ, ಯಾವ ಪ್ರೊಜೆಕ್ಷನ್ ಏಕೆ ಬಳಸಿದಿರಿ ಎಂಬ ಟಿಪ್ಪಣಿ, ಹುಡುಕಿದವರ ಓದಿನಿಂದ ತೆಗೆದ ತಪ್ಪಿನ ಲೆಕ್ಕ, ಇವು ಎರಡು ಪುಟದಲ್ಲಿದ್ದರೆ ಸಾಕು.

ಕೆಲಸ ಸಿಕ್ಕ ಮೇಲೆ ಎರಡರ ನಡುವೆ ಗೋಡೆ ಇರಲಿ. ಕಚೇರಿಯ ಆರ್‌ಟಿಕೆ, ಕಚೇರಿಯ ಸಿಒಆರ್‌ಎಸ್ (ಜಿಪಿಎಸ್ ತಿದ್ದುಪಡಿ ಕಳಿಸುವ ಸ್ಥಿರ ಕೇಂದ್ರಗಳ ಜಾಲ) ಲಾಗಿನ್, ಗಿರಾಕಿಯ ಡ್ರೋನ್ ಚಿತ್ರ, ಕೆಲಸದ ಮೇಲೆ ಹೋದಾಗ ಕಂಡ ಖಾಸಗಿ ಜಾಗ, ಯಾವುದೂ ಆಟಕ್ಕೆ ಬರಬಾರದು. ಸೆಂಟಿಮೀಟರ್ ನಿಖರತೆಯ ಬಿಂದು ಕೊಟ್ಟರೂ ಹುಡುಕುವವರ ಫೋನು 5 ಮೀಟರಿನದೇ. ಅದರಿಂದ ಆಟಕ್ಕೆ ಲಾಭವೂ ಇಲ್ಲ.

ಈ ಉದ್ಯೋಗದಲ್ಲಿ ಬೆಂಗಳೂರು, ಹೈದರಾಬಾದಿಗೆ ಹೋಗುವುದು ಸಾಮಾನ್ಯ. ಡಬ್ಬಿ ಇಟ್ಟವರು ದೂರ ಹೋದರೆ ಅದು ಕಸವಾಗುತ್ತದೆ. ಹೋಗುವ ಮೊದಲು ಊರಲ್ಲೇ ಇರುವ ಮತ್ತೊಬ್ಬ ಆಟಗಾರರಿಗೆ ತಾಣದಲ್ಲೇ ಒಡೆತನ ವರ್ಗಾಯಿಸಬಹುದು. ಅನುಮತಿ ಕೊಟ್ಟ ರೈತರಿಗೂ ಪಂಚಾಯಿತಿಗೂ ಹೊಸಬರ ಪರಿಚಯ ಮಾಡಿಸಿಕೊಡಿ. ಯಾರೂ ಸಿಗದಿದ್ದರೆ ಗುಡ್ಡಕ್ಕೆ ಹೋಗಿ ಡಬ್ಬಿಯನ್ನು ಕೈಯಲ್ಲಿ ಹಿಡಿದು ತಂದ ಮೇಲೆಯೇ ತಾಣದಲ್ಲಿ ಅದನ್ನು ಆರ್ಕೈವ್ ಮಾಡಬೇಕು (ಆಟದಿಂದ ತೆಗೆಯಬೇಕು), ಮೊದಲು ಅಲ್ಲ.